ಅಪ್ಪನ ಕೈ ಮುರಿದ ಹ್ಯಾಂಡಲ್

ನಾನು ಚಿಕ್ಕವಳಿದ್ದಾಗ ಕಾರಿಗೆ ಜೀವ ಬರಬೇಕಾದರೆ ಒಬ್ಬ ಗಟ್ಟಿ ಆಳು ಬೇಕಿತ್ತು. ಒಳಗೆ ಒಬ್ಬರು ಕೂರಬೇಕು, ಹೊರಗೆ ಒಬ್ಬರು ಬೆವರಬೇಕು. ಕಾರಿನ ಮೂತಿಯ ಕೆಳಗೆ ಒಂದು ತೂತು ಇರುತ್ತಿತ್ತು. ಎರಡು ಕಡೆ ಬಾಗಿದ ಕಬ್ಬಿಣದ ಸರಳನ್ನು ಅದರೊಳಗೆ ತೂರಿಸಿ, ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಬೇಕು. ಎಂಜಿನ್ನು ಮುದುಕರ ಹಾಗೆ ಕೆಮ್ಮುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಮತ್ತೆ ತಿರುಗಿಸಬೇಕು. ಇದಕ್ಕೆ ಹ್ಯಾಂಡಲ್ ಹೊಡೆಯುವುದು ಅನ್ನುತ್ತಿದ್ದರು. ಹೊಸ ಕಾರುಗಳಿಗೆ ಆಗಲೇ ಒತ್ತುವ ಗುಂಡಿ ಬಂದಿತ್ತಂತೆ. ನಮ್ಮ ಹೊನ್ನಾವರ, ಕುಮಟೆಯ ಕಡೆ ಓಡುತ್ತಿದ್ದ ಹಳೆಯ ಡಬ್ಬಗಳಿಗೆ ಮಾತ್ರ ಹ್ಯಾಂಡಲ್ಲೇ ಗತಿ.

ಆ ಹ್ಯಾಂಡಲ್ಲಿಗೆ ಒಂದು ಕೆಟ್ಟ ಗುಣವಿತ್ತು. ಕಾರಿನೊಳಗೆ ಸ್ಟೀರಿಂಗ್ ಚಕ್ರದ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ ಇರುತ್ತಿತ್ತು. ಅದನ್ನು ಸರಿಯಾದ ಕಡೆಗೆ ತಳ್ಳಿ ಇಡದಿದ್ದರೆ ಹ್ಯಾಂಡಲ್ಲು ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿ ಕತ್ತೆಯ ಹಾಗೆ ಒದೆಯುತ್ತಿತ್ತು. ತಿಳಿದವರು ಹೆಬ್ಬೆರಳನ್ನು ಸರಳಿಗೆ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಮಾತ್ರ ಎಳೆಯುತ್ತಿದ್ದರು. ತಿಳಿಯದವರ ಕೈ ಹೋಗುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಅಕ್ಕನ ಮದುವೆಯ ದಿನದ ನಂತರ.

ನಮ್ಮ ಮನೆ ಹೊನ್ನಾವರ ಪೇಟೆಯಿಂದ ಒಂದು ಹರದಾರಿ ದೂರ, ಸಮುದ್ರದ ದಂಡೆಯ ಕೇರಿಯಲ್ಲಿತ್ತು. ಅಪ್ಪ ಬೀಸುಬಲೆಯಲ್ಲಿ ಮೀನು ಹಿಡಿಯುತ್ತಿದ್ದ. ಸೊಂಟದ ಮಟ್ಟ ನೀರಿನಲ್ಲಿ ನಿಂತು ಅವನು ಬಲೆ ಬೀಸಿದರೆ ಅದು ಗಾಳಿಯಲ್ಲಿ ದೊಡ್ಡ ಹೂವಿನ ಹಾಗೆ ಅರಳಿ ನೀರಿಗೆ ಬೀಳುತ್ತಿತ್ತು. ಹರಿದ ಬಲೆ ಹೆಣೆಯುವವಳು ಅಕ್ಕ. ಅವಳು ಮಾತು ಕಡಿಮೆ, ಹಟ ಜಾಸ್ತಿ. ನನ್ನ ತಲೆಯ ಹೇನು ತೆಗೆಯಲು ಕೂತರೆ ಕೊನೆಯ ಸೀರು ಸಿಗುವವರೆಗೆ ಏಳಲು ಬಿಡುತ್ತಿರಲಿಲ್ಲ.

ಅವಳಿಗೆ ಗಂಡು ಗೊತ್ತಾದದ್ದು ಭಟ್ಕಳದ ಕಡೆಯಿಂದ. ಅವರೂ ನಮ್ಮ ಜಾತಿಯವರೇ. ಆದರೆ ಈಗ ಬಲೆ ಮುಟ್ಟುತ್ತಿರಲಿಲ್ಲ. ಮೀನು ಕೊಂಡು ಲಾರಿಯಲ್ಲಿ ದೂರದ ಊರುಗಳಿಗೆ ಕಳಿಸುವ ವ್ಯಾಪಾರ. ಮನೆಯ ಯಜಮಾನಿಕೆ ಮದುಮಗನ ಅಣ್ಣನದು. ಅವನು ಮುಂಬಯಿಯಿಂದ ಒಂದು ಹಳೆಯ ಕಪ್ಪು ಕಾರು ತರಿಸಿದ್ದ. ಆ ಕಾರು ನಮ್ಮ ಕೇರಿಗೆ ಬಂದ ದಿನವೇ ಅಕ್ಕನ ಮದುವೆ.

ವೈಶಾಖದ ಬಿಸಿಲು. ತೆಂಗಿನ ಗರಿಯ ಚಪ್ಪರದ ಕೆಳಗೆ ಮಲ್ಲಿಗೆ ದಂಡೆಯ, ಕಾಯಿಹಾಲಿನ ಪಾಯಸದ ವಾಸನೆ. ಊಟ ಮುಗಿದ ಮೇಲೆ ಗಂಡಿನ ಕಡೆಯ ಹೆಚ್ಚಿನ ಜನ ಬಸ್ಸು ಹತ್ತಿ ಹೋದರು. ಪಾತ್ರೆಪಗಡೆಯ ಜೊತೆ ಲಾರಿಯಲ್ಲಿ ಹ್ಯಾಂಡಲ್ ಹೊಡೆಯುವ ಆಳೂ ಹೋಗಿಬಿಟ್ಟಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ, ಮದುಮಗ. ಮುಂದೆ ಕಾರು ಓಡಿಸಲು ಮದುಮಗನ ಅಣ್ಣ, ಅವನ ಪಕ್ಕ ಅವನ ಇಬ್ಬರು ಸ್ನೇಹಿತರು. ನಾನು ಕಿಟಕಿಯ ಹೊರಗೆ ನಿಂತು ಅಕ್ಕನ ಕೈ ಹಿಡಿದುಕೊಂಡಿದ್ದೆ. ಮದರಂಗಿ ಹಚ್ಚಿದ ಅಂಗೈ ಬಿಸಿಯಾಗಿತ್ತು.

ಆಗಲೇ ಅವರಿಗೆ ಆಳು ಇಲ್ಲದ್ದು ನೆನಪಾಯಿತು. ಬಿಳಿ ಅಂಗಿಯ ಸ್ನೇಹಿತರು ಕೆಳಗೆ ಇಳಿಯಲಿಲ್ಲ. ನಮ್ಮ ಚಿಕ್ಕಪ್ಪ ಮುಂದೆ ಬಂದು, “ನಾ ತಿರುಗಿಸ್ತೆ, ಕೊಡಿ” ಎಂದ. ಅವನು ಲಾರಿಗಳಲ್ಲಿ ಕೆಲಸ ಮಾಡಿ ಗೊತ್ತಿದ್ದವನು.

ಮದುಮಗನ ಅಣ್ಣ ನಕ್ಕ. “ನೀ ಬೇಡ. ಹೆಣ್ಣು ಕೊಟ್ಟವ್ರು ಯಾರು? ಮಾವನೇ ಹೊಡೀಲಿ. ಬಲೆ ಬೀಸಿದ ಕೈ ಅಲ್ವಾ?”

ಸ್ನೇಹಿತರೂ ನಕ್ಕರು. ಅಪ್ಪ ಮದುವೆಗೆಂದು ಉಟ್ಟ ಹೊಸ ಪಂಚೆಯನ್ನು ಎತ್ತಿ ಕಟ್ಟಿದ. ಹ್ಯಾಂಡಲ್ಲನ್ನು ಅವನು ಅದುವರೆಗೆ ಮುಟ್ಟಿದವನೇ ಅಲ್ಲ. ದೋಣಿಯ ಹುಟ್ಟು ಹಿಡಿಯುವ ಹಾಗೆ, ಹೆಬ್ಬೆರಳು ಸುತ್ತಿ ಮುಷ್ಟಿ ಕಟ್ಟಿ ಹಿಡಿದ. ಚಿಕ್ಕಪ್ಪ, “ಅಣ್ಣಾ, ಹಂಗಲ್ಲ” ಎಂದು ಹತ್ತಿರ ಹೋದಾಗ, “ನೀ ಆಚೆ ನಿಲ್ಲು” ಎಂದು ಕಾರಿನೊಳಗಿಂದ ಗದರಿದರು.

ಅಪ್ಪ ತಿರುಗಿಸಿದ. ಎಂಜಿನ್ನು ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮದುಮಗನ ಅಣ್ಣ ಪಕ್ಕದವನಿಗೆ ಮೊಣಕೈಯಿಂದ ತಿವಿದು, “ಮುದುಕ ಈಗ ಕುಣೀತ ನೋಡು” ಎಂದದ್ದು ನನಗೆ ಕಿಟಕಿಯಲ್ಲಿ ಕೇಳಿಸಿತು. ಚಕ್ರದ ಪಕ್ಕದ ಆ ಪುಟ್ಟ ಕಡ್ಡಿಯನ್ನು ಅವನು ಎಳೆದದ್ದನ್ನೂ ಕಂಡೆ. ಅದು ಎಂತದ್ದೆಂದು ನನಗೆ ಹೇಗೆ ಗೊತ್ತಾಗಬೇಕು? ಅಕ್ಕನೂ ಕಂಡಿದ್ದಳು.

ಟಪ್ ಎಂದಿತು. ಹಸಿ ಕೊಂಬೆ ಮುರಿದ ಹಾಗೆ. ಅಪ್ಪ ಕೂಗಲಿಲ್ಲ, ಮರಳಿನ ಮೇಲೆ ಕೂತುಬಿಟ್ಟ. ಮುಂಗೈಯ ಮೇಲಿನ ಎಲುಬು ಬಾಗಬಾರದ ಕಡೆಗೆ ಬಾಗಿತ್ತು. ಕಾರಿನೊಳಗಿನ ನಗು ಇನ್ನೂ ನಿಂತಿರಲಿಲ್ಲ.

ಅಮ್ಮ ಓಡಿ ಬಂದಳು. ಚಿಕ್ಕಪ್ಪ, “ಕಾರಲ್ಲಿ ಹತ್ತಿಸ್ಕಳ್ಳಿ, ದವಾಖಾನೆ ದಾರಿಲೇ ಅದೆ” ಎಂದು ಬೇಡಿಕೊಂಡ.

“ಮೊದ್ಲು ಕಾರು ಶುರು ಆಗ್ಲಿ” ಎಂದ ಮದುಮಗನ ಅಣ್ಣ.

ಚಿಕ್ಕಪ್ಪ ಹ್ಯಾಂಡಲ್ ಹಿಡಿದ. ಈಗ ಒಳಗಿನ ಕಡ್ಡಿ ಸರಿಯಾದ ಜಾಗಕ್ಕೆ ಹೋಯಿತು. ಎಂಜಿನ್ನು ಒಂದೇ ಏಟಿಗೆ ಗುರ್ರೆಂದಿತು. ಚಿಕ್ಕಪ್ಪ ಅಪ್ಪನನ್ನು ಎಬ್ಬಿಸಲು ತಿರುಗಿದ್ದಷ್ಟೆ, ಕಾರು ಹೊರಟೇಬಿಟ್ಟಿತು. “ಮದುಮಗಳು ಕೂತ ಕಾರಲ್ಲಿ ನರಳಾಟ ಅಪಶಕುನ” ಎಂದು ಮದುಮಗನ ಅಣ್ಣ ಕಿಟಕಿಯಿಂದ ಕೂಗಿದ್ದು ಕೇಳಿಸಿತು. ಅಕ್ಕನ ಬೆರಳುಗಳು ನನ್ನ ಕೈಯಿಂದ ಜಾರಿದವು. “ನಿಲ್ಸಿ! ನಿಲ್ಸಿ!” ಎಂದು ಅವಳು ಕಿರುಚುತ್ತಿದ್ದಳು. ಪಕ್ಕದಲ್ಲಿ ಮದುಮಗ ತಲೆ ತಗ್ಗಿಸಿ ತನ್ನ ಮೊಣಕಾಲು ನೋಡುತ್ತ ಕೂತಿದ್ದ.

ಅಪ್ಪನ ಕೈಗೆ ಅಡಿಕೆ ಹಾಳೆ ಕಟ್ಟಿ, ಎತ್ತಿನ ಗಾಡಿಯಲ್ಲಿ ಮಲಗಿಸಿ ಪೇಟೆಗೆ ಹೊರಟೆವು. ನಾನು ಅವನ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದೆ. ಗಾಡಿ ಕುಲುಕಿದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

ಪೇಟೆ ಇನ್ನೂ ಬಂದಿರಲಿಲ್ಲ. ದೂರದಲ್ಲಿ ಯಾರೋ ಹೆಂಗಸು ನಮ್ಮ ಕಡೆ ನಡೆದು ಬರುವುದು ಕಂಡಿತು. ಕೆಂಪು ಸೀರೆ, ಬರಿಗಾಲು, ತುಂಬ ಧೂಳು. ಅಕ್ಕ!

ಆಗ ಶರಾವತಿಗೆ ಸೇತುವೆ ಇರಲಿಲ್ಲ. ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನ ಮೇಲೆ ಕಾರು, ಬಸ್ಸು ಹೊಳೆ ದಾಟುತ್ತಿದ್ದವು. ಅದಕ್ಕಾಗಿ ಕಾರು ದಂಡೆಯಲ್ಲಿ ಕಾಯಬೇಕಾಯಿತು. ಅಲ್ಲಿ ಅಕ್ಕ ಗಂಡನಿಗೆ ಹೇಳಿದಳಂತೆ, “ಅಪ್ಪನ್ನ ಒಂದ್ಸಲ ನೋಡ್ಕಂಡು ಬರ್ವ. ನೀವೂ ಬನ್ನಿ.” ಅವನು ಅಣ್ಣನ ಮುಖ ನೋಡಿದ. ಅಣ್ಣ, “ಇಳಿದ್ರೆ ಮತ್ತೆ ಹತ್ತುಕೆ ಇಲ್ಲ” ಎಂದ. ಎಂಜಿನ್ನು ನಿಲ್ಲಿಸಿರಲಿಲ್ಲ. ಅಕ್ಕ ಬಾಗಿಲು ತೆರೆದು ಇಳಿದಳು. ಯಾರೂ ತಡೆಯಲಿಲ್ಲ, ಯಾರೂ ಹಿಂದೆ ಬರಲಿಲ್ಲ.

ಅವಳು ಗಾಡಿ ಹತ್ತಿ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಪ್ಪ ಕಣ್ಣು ಬಿಟ್ಟು ನೋಡಿದ. ಅವನು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ.

“ಎಂತಕ್ಕೆ ಬಂದೆ?” ಎಂದ. “ನನ್ನ ಕೈ ಮುರ್ದದ್ದು ಸಾಲ್ದಾ? ಹೋಗು. ಓಡು, ಜಂಗಲ್ಲು ಬಿಟ್ಟಿರೂದಿಲ್ಲ.”

“ಬಿಟ್ಟಾತು” ಎಂದಳು ಅಕ್ಕ.

ದವಾಖಾನೆಯಲ್ಲಿ ಪಟ್ಟಿ ಹಾಕಿದರು. ಎಲುಬು ಕೂಡಿತು, ಆದರೆ ಸೊಟ್ಟಗೆ. ಅಪ್ಪ ಮತ್ತೆಂದೂ ಬಲೆ ಬೀಸಲಿಲ್ಲ. ಊರ ಹಿರಿಯರು ಭಟ್ಕಳಕ್ಕೆ ಹೋಗಿ ಮಾತಾಡಿದರು. ಹುಡುಗಿಯ ಅಪ್ಪ ಬಂದು ಮನೆಬಾಗಿಲಲ್ಲಿ ತಪ್ಪಾಯಿತು ಎಂದರೆ ಸೊಸೆಯನ್ನು ಒಳಗೆ ಕರೆದುಕೊಳ್ಳುತ್ತೇವೆ ಎಂದು ಗಂಡಿನ ಮನೆಯವರು ಹೇಳಿ ಕಳಿಸಿದರು. ಅಪ್ಪ ಆ ಸೊಟ್ಟ ಕೈ ಹೊತ್ತು ಹೊರಡಲು ಎದ್ದೇಬಿಟ್ಟಿದ್ದ. ಅಕ್ಕ ಹೊಸ್ತಿಲಲ್ಲಿ ಅಡ್ಡ ಕೂತಳು. “ನನ್ನ ದಾಟಿ ಹೋಗು” ಎಂದಳು. ಅವನು ದಾಟಲಿಲ್ಲ, ಆದರೆ ಮಳೆಗಾಲ ಮುಗಿಯುವವರೆಗೆ ಅವಳೊಡನೆ ಮಾತೂ ಆಡಲಿಲ್ಲ. ಅಷ್ಟರಲ್ಲಿ ಮದುಮಗನಿಗೆ ಬೇರೆ ಮದುವೆಯಾಗಿತ್ತು.

ಊರು ನಮ್ಮನ್ನು ಬಿಡಲಿಲ್ಲ. ಬಾವಿಕಟ್ಟೆಗೆ ಅಕ್ಕ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಯಾರ ಮನೆಯ ಶುಭಕಾರ್ಯಕ್ಕೂ ಅವಳಿಗೆ ಕರೆ ಬರಲಿಲ್ಲ. ಶಾಲೆಯಲ್ಲಿ ಹುಡುಗರು ನನ್ನ ಮುಂದೆ ಬಾಗಿ ಹ್ಯಾಂಡಲ್ ತಿರುಗಿಸುವ ಹಾಗೆ ಕೈ ತಿರುಗಿಸಿ, “ಟಪ್” ಎಂದು ಕೂಗಿ ಮಣ್ಣಿನಲ್ಲಿ ಬೀಳುತ್ತಿದ್ದರು. ಉಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಮಾಸ್ತರರೂ ಒಮ್ಮೆ ನಕ್ಕದ್ದನ್ನು ನಾನು ನೋಡಿದ್ದೇನೆ.

ಅಕ್ಕ ಮೀನಿನ ಬುಟ್ಟಿ ಹೊತ್ತು ಕುಮಟೆಯ ಪೇಟೆಗೆ ಹೋಗತೊಡಗಿದಳು. ಬಸ್ಸಿನಲ್ಲಿ ವಾಸನೆ ಎಂದು ಹಿಂದೆ ನಿಲ್ಲಿಸುತ್ತಿದ್ದರು. ಅವಳ ಬುಟ್ಟಿಯಿಂದ ಮನೆ ನಡೆಯಿತು, ನಾನು ಓದಿದೆ. ಆ ಮಳೆಗಾಲ ಕಳೆದ ಒಂದು ದಿನ ಅವಳು ಹಳೆಯ ಬೀಸುಬಲೆ ಎತ್ತಿಕೊಂಡು ತಾನೇ ನೀರಿಗೆ ಇಳಿದಳು. ಬಲೆ ಅರಳದೆ ಮುದ್ದೆಯಾಗಿ ಬಿತ್ತು. ದಂಡೆಯಲ್ಲಿ ಕೂತಿದ್ದ ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನೀರಿಗೆ ಹೋಗಿ, ಎಡಗೈಯಿಂದ ಅವಳ ಮೊಣಕೈ ಎತ್ತಿ ಹಿಡಿದು, “ಇಷ್ಟು ಮೇಲೆ” ಎಂದ. ಅವಳು ಹೊಸ್ತಿಲಲ್ಲಿ ಅಡ್ಡ ಕೂತ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು.

ಮೊಮ್ಮಕ್ಕಳೇ, ನಿಮ್ಮ ಕಾಲದ ಕಾರಿಗೆ ಹೊರಗೆ ನಿಂತು ಬೆವರುವವರು ಬೇಡ. ಶರಾವತಿಯ ಸೇತುವೆಯನ್ನು ನೀವು ಒಂದು ಚಾಕಲೇಟು ಚೀಪಿ ಮುಗಿಸುವುದರೊಳಗೆ ದಾಟುತ್ತೀರಿ. ನನ್ನ ಹಿರಿಯ ಮೊಮ್ಮಗಳು ಮದುವೆಯ ಮರುದಿನ ತಾನೇ ಕಾರು ಓಡಿಸಿಕೊಂಡು ಅಪ್ಪನ ಮನೆಗೆ ಬಂದಳಲ್ಲ, ಮರೆತ ಚಾರ್ಜರ್ ತೆಗೆದುಕೊಂಡು ಹೋಗಲು. ಎಲ್ಲರೂ ಅವಳಿಗೆ ಚಹಾ ಕೊಟ್ಟೆವು. ಎಂತಕ್ಕೆ ಬಂದೆ ಎಂದು ಯಾರೂ ಕೇಳಲಿಲ್ಲ.