ಮುನಿಲಕ್ಷ್ಮಮ್ಮ ಆಡಿಟರ್ ನೋಡೋಕೆ ಹೋದದ್ದು

ಉಲ್ಲಾಳ ಮೇನ್ ರೋಡಿನಲ್ಲಿ ಶಾಮಿಯಾನ ಅಂದರೆ ಮುನಿಲಕ್ಷ್ಮಮ್ಮ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಎರಡು ಹರಕಲು ಪರದೆ, ಒಂದಿಷ್ಟು ಬಿದಿರು ಕಂಬ. ಅಷ್ಟರಲ್ಲಿ ನಾಗರಬಾವಿ ಕಡೆ ಲೇಔಟಿನ ಮೇಲೆ ಲೇಔಟ್ ಎದ್ದವು. ಸೈಟಿಗೊಂದು ಮನೆ, ಮನೆಗೊಂದು ಗೃಹಪ್ರವೇಶ! ಕುರ್ಚಿ ಬೇಕು ಅಂದವರಿಗೆ ಕುರ್ಚಿ, ಹಂಡೆ ಕೊಳದಪ್ಪಲೆ ಬೇಕು ಅಂದವರಿಗೆ ಅದು. ಬೈದು, ಬೈಸಿಕೊಂಡು, ಲಾರಿ ಮೇಲೆ ತಾನೇ ಹತ್ತಿ ಕೂತು, ಆಯಮ್ಮ ಹತ್ತು ವರ್ಷದಲ್ಲಿ ಗೋಡೌನ್ ತುಂಬ ಸಾಮಾನು ಮಾಡಿದಳು. ಗೋಡೌನ್ ಜಾಗ ಮಾತ್ರ ಬಾಡಿಗೆಯದು. ಕಥೆ ಇರೋದೇ ಆ ಜಾಗದ ಮೇಲೆ.

ಎರಡು ಸಾವಿರದ ಏಳನೇ ಇಸವಿ, ಸಂಕ್ರಾಂತಿ ಎಳ್ಳು ಬೀರಿ ಮುಗಿದಿತ್ತು. ಜಾಗದ ಯಜಮಾನರಾದ ದೊಡ್ಡಹನುಮಯ್ಯನವರು ಬಂದು ಕಂಬದ ರಾಶಿ ಮೇಲೆ ಕೂತರು.

"ಜಾಗ ಮಾರ್ತಾ ಇದೀನಿ ಕಣವ್ವ. ಬಿಲ್ಡರ್ ಒಬ್ಬ ದಿನಾ ಬಂದು ಪ್ರಾಣ ತಿಂತಾವ್ನೆ. ಆದ್ರೂ ನಿಂಗೇ ಮೊದಲು ಹೇಳ್ತಾ ಇದೀನಿ. ಯುಗಾದಿವರೆಗೂ ಕಾಯ್ತೀನಿ, ಆಮೇಲೆ ನನ್ನ ಬೈಕೋಬೇಡ."

ಮುನಿಲಕ್ಷ್ಮಮ್ಮ ಸಾಮಾನಿನ ರಾಶಿ ಕಡೆ ತಿರುಗಿದಳು. ಆ ಜಾಗ ಹೋದರೆ ಅಷ್ಟು ಸಾಮಾನು ಎಲ್ಲಿ ಇಡೋದು? ಊರಾಚೆ ಹೋದರೆ ಗಿರಾಕಿ ಬರ್ತಾರಾ? ವ್ಯಾಪಾರವೇ ಮುಗಿದ ಹಾಗೆ. ಮಾರನೇ ದಿನವೇ ಮೈದುನ ಚನ್ನಕೇಶವನನ್ನು ಕರೆದುಕೊಂಡು ಬ್ಯಾಂಕಿಗೆ ಓಡಿದಳು.

ಮ್ಯಾನೇಜರ್ ಅವಳ ಇನ್‌ಕಮ್ ಟ್ಯಾಕ್ಸ್ ಕಾಗದ ತಿರುವಿ ಹಾಕಿ ಕನ್ನಡಕ ತೆಗೆದರು. "ಅಮ್ಮ, ಬೇಜಾರು ಮಾಡ್ಕೋಬೇಡಿ. ಈ ರಿಟರ್ನ್ ಪ್ರಕಾರ ನಿಮ್ಮ ದುಡಿಮೆ ಬೀಡಾ ಅಂಗಡಿಗಿಂತ ಕಮ್ಮಿ. ಇದನ್ನ ನೋಡಿ ಯಾರು ಲೋನ್ ಕೊಡ್ತಾರೆ?"

"ಬೀಡಾ ಅಂಗಡೀನಾ? ನಿಮ್ಮ ಬ್ಯಾಂಕ್ ಓಪನಿಂಗಿಗೆ ಶಾಮಿಯಾನ ಹಾಕಿದ್ದೇ ನಾನು ಸಾರ್!"

ಹಾಕಿದ್ದು ನಿಜ. ಆದರೆ ಕಾಗದದಲ್ಲಿ ಆ ಶಾಮಿಯಾನ ಇರಲಿಲ್ಲ. ಯಾಕಿಲ್ಲ ಅಂದರೆ, ಕೆಂಪಯ್ಯ. ಚನ್ನಕೇಶವನ ಹೆಂಡತಿ ಕಡೆಯ ನೆಂಟ, ಆಡಿಟರ್ ಕೆಲಸ ಮಾಡ್ತೀನಿ ಅಂತ ಓಡಾಡೋ ಮನುಷ್ಯ. ವರ್ಷಕ್ಕೊಂದು ಸಲ ಬರೋನು, ಬಸ್ಸಾರು ಮುದ್ದೆ ಹೊಡೆಯೋನು, ಪೆನ್ಸಿಲ್ ಗುರುತು ಹಾಕಿದ ಕಡೆ ಮುನಿಲಕ್ಷ್ಮಮ್ಮನ ಹತ್ತಿರ ಸಹಿ ಹಾಕಿಸಿಕೊಂಡು ಹೋಗೋನು. ನಮ್ಮೋರು, ನಮ್ಮ ಕಡೆಯೋರು, ಅಂತ ಇವಳೂ ಕಣ್ಣು ಮುಚ್ಚಿಕೊಂಡು ಹಾಕಿದ್ದೇ ಹಾಕಿದ್ದು. ಮೆಟ್ರಿಕ್ ಓದಿದ ಹೆಂಗಸು, ಬಾಡಿಗೆಗೆ ಹೋದ ಒಂದು ಸೌಟು ಕಮ್ಮಿ ಬಂದರೆ ಬೀದಿಗೆ ಕೇಳೋ ಹಾಗೆ ಕೂಗೋಳು, ಇದೊಂದರಲ್ಲಿ ಮಾತ್ರ ಕುರುಡಿ.

ಕೇಳಿದರೆ ಕೆಂಪಯ್ಯನಿಗೇ ಸಿಟ್ಟು. "ಟ್ಯಾಕ್ಸ್ ಬರದಂಗೆ ಬರ್ದು ಉಪಕಾರ ಮಾಡಿದೀನಿ ಅತ್ತಿಗೆ! ಲೋನ್ ಬೇಕಾ? ಅದಕ್ಕೂ ಒಂದು ಕಾಗದ ಮಾಡೋಣ ಬಿಡಿ."

ಮುನಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. ಸೆರಗು ಸೊಂಟಕ್ಕೆ ಹೋಯಿತು ಅಂದರೆ ಎದುರಿಗಿದ್ದೋರು ಜಾಗ ಖಾಲಿ ಮಾಡೋದು ಕ್ಷೇಮ. ಕೆಂಪಯ್ಯ ಮಾಡಿದ.

ಹೊಸ ಆಡಿಟರ್‌ನ ಹುಡುಕೋದು ಹೇಗೆ? ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಹೆಣ್ಣು ಕೊಡೋ ಮುಂಚೆ ಗಂಡಿನ ಮನೆ ನೋಡೋ ದಾರಿ. ಅವರ ಮನೆತನದಲ್ಲಿ ಅದಕ್ಕೊಂದು ಕಟ್ಟುಪಾಡಿದೆ. ಹೇಳದೆ ಕೇಳದೆ ಹೋಗಬೇಕು. ಹಿತ್ತಲು ನೋಡಬೇಕು, ಅಕ್ಕಪಕ್ಕ ವಿಚಾರಿಸಬೇಕು. ಮನಸ್ಸು ಒಪ್ಪೋವರೆಗೂ ಅಲ್ಲಿ ಒಂದು ತೊಟ್ಟು ನೀರೂ ಕುಡಿಯೋ ಹಾಗಿಲ್ಲ. ಒಪ್ಪಿದ ಮೇಲೆ ಕೂತು ಊಟ ಮಾಡಿದರೆ ಮುಗೀತು, ಸಂಬಂಧ ಗಟ್ಟಿ.

"ಲೆಕ್ಕ ಬರೆಯೋನ್ನ ನೋಡೋಕೆ ಇದೆಲ್ಲ ಯಾಕೆ ಕಣೇ?" ಅಂದಳು ಅಕ್ಕ ರಾಮಕ್ಕ.

"ಅಳಿಯ ಕೆಟ್ಟೋನಾದ್ರೆ ಮಗಳು ತವರಿಗೆ ಬರ್ತಾಳೆ. ಇವನು ಕೆಟ್ಟೋನಾದ್ರೆ ನಾನು ಎಲ್ಲಿಗೆ ಹೋಗ್ಲಿ? ನಡಿ ಸುಮ್ನೆ."

ಅಕ್ಕ ತಂಗಿ ರೇಷ್ಮೆ ಸೀರೆ ಉಟ್ಟು ಬಸ್ ಹತ್ತಿದರು. ರಾಜಾಜಿನಗರದಲ್ಲಿ ಮೊದಲನೇ ಆಫೀಸು. ಏನು ಎಸಿ, ಏನು ಸೋಫಾ! ಬಾದಾಮಿ ಹಾಲು ಬಂತು. ಮುನಿಲಕ್ಷ್ಮಮ್ಮ ಮುಟ್ಟಲಿಲ್ಲ. ರಾಮಕ್ಕ ಕೈ ಚಾಚಿದ್ದಳು, ತಂಗಿ ಜಿಗುಟಿದಳು. ಆಡಿಟರ್ ಹುಡುಗ ಜೇನು ಸುರಿಸಿದ. "ಟ್ಯಾಕ್ಸೂ ಬೇಡ, ಲೋನೂ ಗ್ಯಾರಂಟಿ ಆಂಟಿ. ಎಲ್ಲ ನಂಗೆ ಬಿಡಿ. ನೀವು ಇಲ್ಲೊಂದು ಸೈನ್ ಹಾಕಿ ಸಾಕು."

ಪೆನ್ಸಿಲ್ ಗುರುತು ಕಂಡಿದ್ದೇ ತಡ, ಮುನಿಲಕ್ಷ್ಮಮ್ಮ ಎದ್ದು ನಿಂತಳು.

ಎರಡನೇ ಆಫೀಸು ವಿಜಯನಗರದಲ್ಲಿ. ಪಾಪ, ಒಳ್ಳೇ ಮನುಷ್ಯ, ವಯಸ್ಸಾದವರು. ಆದರೆ ಕಣ್ಣು ಬಾಗಿಲ ಮೇಲೇ. "ಯಜಮಾನ್ರು ಬರ್ಲಿಲ್ವಾ?" ತೀರಿಕೊಂಡರು ಅಂದರೆ, "ಹಾಗಾದ್ರೆ ಮೈದುನನೋ ಯಾರೋ ಗಂಡಸ್ರನ್ನ ಕಳ್ಸಿ ಅಮ್ಮ, ನಿಮಗೆ ಇದೆಲ್ಲ ಅರ್ಥ ಆಗಲ್ಲ." ಅಲ್ಲಿಯ ಕಾಫಿಯೂ ಹಾಗೇ ಆರಿತು.

ರಾಮಕ್ಕನಿಗೆ ಬಾಯಿ ಒಣಗಿ ಸಾಕಾಗಿತ್ತು. ಮುನಿಲಕ್ಷ್ಮಮ್ಮ ಹಂಡೆ ಕೊಳ್ಳೋ ಬಸವೇಶ್ವರನಗರದ ಪಾತ್ರೆ ಅಂಗಡಿಗೆ ಬಂದು ವಿಚಾರಿಸಿದರೆ, ಅಂಗಡಿಯವರು ನಗುತ್ತಾ ಹೇಳಿದರು: "ಮೇಲಿನ ಮಹಡೀಲಿ ಒಬ್ಬರು ಆಡಿಟರ್ ಮೇಡಂ ಇದಾರೆ. ಅವರ ಹತ್ರ ಮಾತ್ರ ಹೋಗ್ಬೇಡಿ. ದುಡ್ಡು ಕೊಡೋ ಗಿರಾಕೀನೇ ಬೈತಾರೆ."

"ಬೈತಾರಾ? ಮೆಟ್ಟಲು ಎಲ್ಲಿ?" ಅಂದಳು ಮುನಿಲಕ್ಷ್ಮಮ್ಮ.

ವಿಜಯಶ್ರೀ ಬಾಗಲಕೋಟೆ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದು ಇಲ್ಲೇ ಸಿಎ ಪಾಸು ಮಾಡಿದವರು. ಒಂದು ಕೋಣೆ, ಒಂದು ಫ್ಯಾನು. "ಬರ್ರಿ, ಕುಂದರ್ರಿ" ಅಂದವರೇ ಕಾಗದ ಇಸಿದುಕೊಂಡು ಓದಿದರು. ಹುಬ್ಬು ಮೇಲೆ ಹೋಯಿತು.

"ಈ ಸಹಿ ನಿಮ್ದ ಏನ್ರಿ?"

"ಹೂಂ."

"ಓದಿ ಹಾಕೀರೇನು?"

"ನಮ್ಮ ಮೈದುನನ ಬೀಗರ ಕಡೆಯೋರು ಬರ್ದದ್ದು ಮೇಡಂ, ಗುರುತು ಹಾಕಿದ ಕಡೆ ಹಾಕ್ದೆ."

"ಹೆಸರು ನಿಮ್ದು, ವ್ಯಾಪಾರ ನಿಮ್ದು, ಓದದ ಸಹಿ ಹಾಕೀರಿ! ನಾಳೆ ನೋಟಿಸ್ ಬಂದ್ರ ಆ ನಿಮ್ಮ ಬೀಗರು ಬರ್ತಾರೇನು, ಕೈ ಕಟ್ಟಿ ನಿಲ್ಲಾಕ? ಶಾಮಿಯಾನಕ್ಕ ಸರ್ವಿಸ್ ಟ್ಯಾಕ್ಸ್ ಬಂದು ಎರಡು ವರ್ಷದ ಮ್ಯಾಲಾತು. ಅದಾದ್ರೂ ಯಾರರ ಹೇಳ್ಯಾರೇನು?"

ರಾಮಕ್ಕ ತಂಗಿಯ ಸೆರಗನ್ನೇ ನೋಡುತ್ತಿದ್ದಳು, ಈಗ ಸೊಂಟಕ್ಕೆ ಹೋಯಿತು, ಆಗ ಹೋಯಿತು ಅಂತ. ಹೋಗಲಿಲ್ಲ. ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದದ್ದು ಹೌದು. ಆದರೆ ಒಳಗೊಳಗೇ ಒಂಥರಾ ಸಮಾಧಾನ. ಈ ಹತ್ತು ವರ್ಷದಲ್ಲಿ ಅವಳ ವ್ಯಾಪಾರವನ್ನು ಅವಳದು ಅಂತ ಬೈದು ಹೇಳಿದ ಮೊದಲನೇ ಮನುಷ್ಯ ಇವರೇ.

"ಮೇಡಂ, ನನ್ನ ಲೆಕ್ಕ ನೀವೇ ನೋಡಿ."

"ಅಷ್ಟು ಲಗೂ ಹೆಂಗ ಒಪ್ಪಲ್ರಿ? ನಿಮ್ಮ ಗೋಡೌನ್ ನೋಡ್ಬೇಕು. ಆಮ್ಯಾಲೆ ಹೇಳ್ತೀನಿ."

ಮನೆ ನೋಡೋಕೆ ಬಂದವರನ್ನೇ ನೋಡೋಕೆ ಬರ್ತೀನಿ ಅಂದರೆ! ಕೆಳಗೆ ಇಳಿಯೋವರೆಗೂ ರಾಮಕ್ಕನ ಬಾಯಿ ತೆರೆದೇ ಇತ್ತು.

ಬರ್ತೀನಿ ಅಂದ ದಿನ ಬರದೆ, ಅದರ ಹಿಂದಿನ ದಿನವೇ ಹೇಳದೆ ಕೇಳದೆ ಬಂದರು ಆ ಮೇಡಂ. ಕಂಬ ನೋಡಿದರು, ಪರದೆ ಬಿಚ್ಚಿಸಿದರು, ಪಾತ್ರೆ ತೊಳೆಯೋ ಹೆಂಗಸರ ಹತ್ತಿರ ಕೂಲಿ ಸರಿಯಾಗಿ ಸಿಗುತ್ತಾ ಅಂತ ಕೇಳಿದರು. ಮುನಿಲಕ್ಷ್ಮಮ್ಮ ಕಾಫಿ ಲೋಟ ಮುಂದೆ ಮಾಡಿದರೆ ಕೈ ಅಡ್ಡ ಹಿಡಿದರು.

"ಕೆಲಸ ಒಪ್ಪೋತನಕ ಯಾರ ಕಡೀನೂ ಕುಡಿಯಂಗಿಲ್ರಿ. ಕುಡಿದ ಮ್ಯಾಲೆ ಇಲ್ಲ ಅನ್ನಾಕ ನಾಲಿಗಿ ಬರಂಗಿಲ್ಲ."

ಮುನಿಲಕ್ಷ್ಮಮ್ಮ ಗಟ್ಟಿಯಾಗಿ ನಕ್ಕುಬಿಟ್ಟಳು. ಯಾಕೆ ನಗ್ತೀರಿ ಅಂದರೆ ಹೇಳಲಿಲ್ಲ.

ಆಮೇಲೆ ವಿಜಯಶ್ರೀ ಕುರ್ಚಿ ಎಳೆದು ಕೂತು ಇದ್ದದ್ದು ಇದ್ದ ಹಾಗೆ ಹೇಳಿದರು. ತಿದ್ದೋಕೆ ಅವಕಾಶ ಇರೋ ಎರಡು ವರ್ಷದ ರಿಟರ್ನ್ ನಿಜವಾದ ಲೆಕ್ಕದಲ್ಲಿ ಮತ್ತೆ ಹಾಕಬೇಕು, ಸರ್ವಿಸ್ ಟ್ಯಾಕ್ಸೂ ಸೇರಿ ಬಾಕಿ ತೆರಿಗೆ ಬಡ್ಡಿ ಸಮೇತ ಕಟ್ಟಬೇಕು. ಕಟ್ಟಿದರೆ ಜಾಗದ ಅಡ್ವಾನ್ಸಿಗೆ ಕೂಡಿಟ್ಟ ದುಡ್ಡು ಅರ್ಧಕ್ಕರ್ಧ ಖಾಲಿ. "ಲೋನ್ ಕೊಡ್ಸ್ತೀನಿ ಅಂತ ನಾ ಹೇಳಂಗಿಲ್ಲ. ನೀವು ಎಷ್ಟು ದುಡೀತೀರಿ ಅನ್ನೋದು ಕಾಗದದಾಗ ಕಾಣಂಗ ಮಾಡ್ತೀನಿ. ಉಳಿದದ್ದು ನಿಮ್ಮ ಧೈರ್ಯ."

ರಾಮಕ್ಕನ ಜೊತೆ ಅಲ್ಲೇ ನಿಂತಿದ್ದ ಚನ್ನಕೇಶವ ಕುಣಿದಾಡಿದ. "ಅತ್ತಿಗೆ, ತಲೆ ಕೆಟ್ಟಿದ್ಯಾ? ಯಾರೋ ಏನೋ, ಎಲ್ಲಿಂದ್ಲೋ ಬಂದೋರ ಮಾತು ಕೇಳಿ ಇರೋದನ್ನೂ ಸರ್ಕಾರಕ್ಕೆ ಸುರೀತೀರಾ? ನಾಳೆ ಜಾಗಾನೂ ಇಲ್ಲ, ದುಡ್ಡೂ ಇಲ್ಲ!"

ಆ ಮಾತು ನಾಟಿತು. ಮುನಿಲಕ್ಷ್ಮಮ್ಮನಿಗೆ ಭಯವಾಯಿತು, ನಿಜವಾದ ಭಯ. ಗೋಡೌನನ್ನೆಲ್ಲ ಒಂದು ಸುತ್ತು ಬಂದಳು. ತಾನೇ ಹೊಲಿಸಿದ ಪರದೆ, ತಾನೇ ಆರಿಸಿ ತಂದ ಹಂಡೆ. ಇಷ್ಟೆಲ್ಲ ಇದ್ದೂ ನಾನು ಬೀಡಾ ಅಂಗಡೀನಾ?

"ಕಟ್ತೀನಿ ಮೇಡಂ," ಅಂದಳು. ಕತ್ತಿನ ಎರಡೆಳೆ ಸರ ಬಿಚ್ಚಿ ರಾಮಕ್ಕನ ಕೈಗೆ ಹಾಕಿದಳು. "ಅಡ್ವಾನ್ಸಿಗೆ ಕಮ್ಮಿ ಬೀಳೋದಕ್ಕೆ ಇದನ್ನ ಅಡ ಇಡು."

ಲೋಟದ ಕಾಫಿ ಆಗಲೇ ತಣ್ಣಗಾಗಿತ್ತು. ವಿಜಯಶ್ರೀ ಅದನ್ನೇ ಎತ್ತಿ ಗಟಗಟ ಕುಡಿದರು.

ಆಮೇಲೆ ಶುರುವಾಯಿತು ನೋಡಿ ಮೇಡಂ ಪಾಠ! ಒಂದೊಂದು ಹಾಳೆಯನ್ನೂ ಗಟ್ಟಿಯಾಗಿ ಓದಬೇಕು, ಅರ್ಥ ಹೇಳಬೇಕು, ಆಮೇಲೆ ಸಹಿ. ತಪ್ಪಿದರೆ ಬೈಗುಳ. ಇಬ್ಬರೂ ಬಾಯಿ ಜೋರು, ಕೆಳಗಿನ ಪಾತ್ರೆ ಅಂಗಡಿಯವರಿಗೆ ಪುಕ್ಕಟೆ ಮನರಂಜನೆ. ತಾಮ್ರದ ಹಂಡೆಗೆ ವರ್ಷ ವರ್ಷ ಸವಕಳಿ ತೆಗೀಬೇಕು, ಹಳೇದಾದ ಹಾಗೆ ಬೆಲೆ ಇಳಿಸಿ ಬರೀಬೇಕು ಅಂದರೆ, "ನನ್ನ ಹಂಡೆ ಸವೆಯಲ್ಲ ಮೇಡಂ!" ಅಂತ ಇವಳ ಜಗಳ.

ಯುಗಾದಿ ಹತ್ತಿರ ಬರುತ್ತಿದ್ದಾಗ ಬ್ಯಾಂಕಿಗೆ ಹೋದರು. ಮ್ಯಾನೇಜರ್ ಹೊಸ ರಿಟರ್ನ್ ನೋಡಿ ವಿಜಯಶ್ರೀ ಕಡೆ ತಿರುಗಿ ಏನೋ ಕೇಳಿದರು. "ನನ್ನನ್ಯಾಕ ಕೇಳ್ತೀರಿ ಸರ? ಮಾಲೀಕರು ಅಲ್ಲೇ ಕುಂತಾರಲ್ಲ," ಅಂದರು ವಿಜಯಶ್ರೀ.

ಕೇಳಿದರು. ಸೀಸನ್ ಇಲ್ಲದ ಆಷಾಢದಲ್ಲಿ ಹೇಗೆ ನಡೆಸ್ತೀರಿ, ಕೂಲಿ ಎಷ್ಟು, ಸವಕಳಿ ಯಾಕಿಷ್ಟು. ಮುನಿಲಕ್ಷ್ಮಮ್ಮ ಎಲ್ಲದಕ್ಕೂ ತಾನೇ ಉತ್ತರ ಕೊಟ್ಟಳು, ಹಂಡೆ ಸವೆಯೋದನ್ನೂ ಸೇರಿಸಿ. ಪಕ್ಕದಲ್ಲಿದ್ದ ಚನ್ನಕೇಶವ ಅತ್ತಿಗೆಯನ್ನು ಮೊದಲ ಸಲ ನೋಡುತ್ತಿರೋ ಹಾಗೆ ನೋಡಿದ. ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಪೆನ್ನು ತೆಗೆದರು.

ಲೋನ್ ಬಂತು. ಯುಗಾದಿಗೆ ಮುಂಚೆಯೇ ರಿಜಿಸ್ಟ್ರೇಷನ್ ಆಯಿತು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಪೂರ್ತಿ ಓದಿಯೇ ಸಹಿ ಹಾಕಿದಳು. ಹಿಂದೆ ಕ್ಯೂನಲ್ಲಿದ್ದೋರು ಗೊಣಗಿದರು. ಗೊಣಗಲಿ.

ಹಬ್ಬದ ದಿನ ಆ ಜಾಗದಲ್ಲೇ ಶಾಮಿಯಾನ ಎದ್ದಿತು. ಎಷ್ಟೋ ಜನರ ನೆಲದಲ್ಲಿ ಗೂಟ ಹೊಡೆಸಿದ್ದ ಮುನಿಲಕ್ಷ್ಮಮ್ಮ ಅವತ್ತು ಸುತ್ತಿಗೆ ಕಿತ್ತುಕೊಂಡು ತಾನೇ ಹೊಡೆದಳು. ಒಂದೊಂದು ಏಟಿಗೂ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೊದಲನೇ ಎಲೆಗೆ ವಿಜಯಶ್ರೀಯನ್ನು ಕೂರಿಸಿ, ಪಕ್ಕದ ಎಲೆಗೆ ತಾನೂ ಕೂತಳು. ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು. "ಉಣ್ಣಮ್ಮ, ಇದು ನಮ್ಮ ಒಪ್ಪಿಗೆ ಊಟ," ಅಂದಳು, ಮೇಡಂ ಅನ್ನೋದು ಮರೆತೇ ಹೋಗಿತ್ತು.

ಚನ್ನಕೇಶವ ಪಾಯಸ ಬಡಿಸೋ ನೆಪದಲ್ಲಿ ಹತ್ತಿರ ಬಂದು ಬಗ್ಗಿದ. "ಅತ್ತಿಗೆ, ನನ್ನ ಇಟ್ಟಿಗೆ ವ್ಯಾಪಾರದ ಲೆಕ್ಕಾನೂ ಮೇಡಂ ನೋಡ್ತಾರಾ, ಸ್ವಲ್ಪ ಕೇಳಿ."

"ನಾನ್ಯಾಕಪ್ಪ ಕೇಳ್ಲಿ? ಅವರೇ ನಿನ್ನ ಮನೆ ನೋಡೋಕೆ ಬರ್ತಾರೆ. ನೀನು ಕಾಫಿ ಮಾಡಿ ಮುಂದಿಡು," ಅಂದಳು ಮುನಿಲಕ್ಷ್ಮಮ್ಮ. "ಕುಡಿದ್ರೆ ನೀನು ಪಾಸು ಕಣೋ."