ದೇವಯ್ಯನ ಹಡಗುಗಳಿಗೆ ನೇರ ದಾರಿ

ಕಲ್ಲಿನ ಸಂದಿಗೆ ಹೊಸದಾಗಿ ಸಿಮೆಂಟ್ ಹಾಲು ಬಿಟ್ಟ ಅಂಗಳಕ್ಕೆ ಬೆಳಿಗ್ಗೆ ನೀರು ಹೊಡೆದರೆ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಇದನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಸೋಮವಾರಪೇಟೆ ಸುತ್ತಮುತ್ತ ಊರವರ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿ ಬದುಕು ಕಟ್ಟಿದ ನನಗೆ ಅದು ಅನ್ನದ ವಾಸನೆ. ಆದರೆ ಇವತ್ತು ನನ್ನದೇ ಅಂಗಳಕ್ಕೆ ನೀರು ಹೊಡೆಯುವಾಗ ಅದೇ ವಾಸನೆಗೆ ಮೈಯೆಲ್ಲ ಉರಿಯಿತು. ಯಾಕೆಂದು ಹೇಳುತ್ತೇನೆ. ನ್ಯಾಯ ಯಾರ ಕಡೆಗಿದೆ ಎಂದು ನೀವೇ ನೋಡಿ.

ಇದಕ್ಕೆಲ್ಲ ಮೂಲ ದೇವಯ್ಯ. ನಮ್ಮ ಮನೆಯ ಮೇಲಿನ ರಸ್ತೆಯವನು, ಹೋಂಸ್ಟೇ ಒಂದರಲ್ಲಿ ಜೀಪು ಓಡಿಸುತ್ತಿದ್ದವನು. ಘಾಟಿಯಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲಿನ ಮಂಡಿ ಹೋಗಿ ಈಗ ಮನೆಯಲ್ಲಿದ್ದಾನೆ. ಅಲ್ಲಿ ತಂಗಿದ್ದ ಯಾರೋ ಒಂದು ಪೆಟ್ಟಿಗೆ ಬಿಟ್ಟುಹೋದರಂತೆ. ಫೋನ್ ಮಾಡಿ ಕೇಳಿದರೆ ನೀವೇ ಇಟ್ಟುಕೊಳ್ಳಿ ಎಂದರಂತೆ. ಅದರೊಳಗೆ ಬೆರಳುದ್ದದ ಪ್ಲಾಸ್ಟಿಕ್ ಹಡಗುಗಳು. ನೀರಿನವಲ್ಲ, ಆಕಾಶದವು. ನಕ್ಷತ್ರ ಅಚ್ಚು ಹಾಕಿದ ಕಪ್ಪು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಎರಡು ಕಡೆಯವರು ತಮ್ಮ ತಮ್ಮ ಹಡಗುಗಳನ್ನು ಇಂಚು ಅಳೆದು ಓಡಿಸಿ, ಒಬ್ಬರದನ್ನೊಬ್ಬರು ಹೊಡೆದುರುಳಿಸುವ ಆಟ. ನಿಯಮದ ಪುಸ್ತಕ ಇಂಗ್ಲಿಷಿನದು. ದೇವಯ್ಯ ಪಿಯುಸಿ ಮೆಟ್ಟಿಲು ಹತ್ತಿ ಇಳಿದವನಾದ್ದರಿಂದ ಓದಿ ಹೇಳುತ್ತಿದ್ದ. ಅವನಿಗೆ ತಿಳಿಯದ ಕಡೆ ದನಿ ದೊಡ್ಡದಾಗುತ್ತಿತ್ತು. ಅದನ್ನು ನಾನು ಬಹಳ ಬೇಗ ಕಂಡುಕೊಂಡೆ.

ಈ ವಯಸ್ಸಿನಲ್ಲಿ ಇದೆಂಥ ಆಟ ಎನ್ನಬೇಡಿ. ಇಸ್ಪೀಟು ಆಡುವವರನ್ನು ಯಾರೂ ಕೇಳುವುದಿಲ್ಲ, ನಮ್ಮನ್ನು ಮಾತ್ರ ಕೇಳುತ್ತಾರೆ.

ಜಗಳ ಶುರುವಾಗಿದ್ದು ಅಳತೆಯಲ್ಲಿ. ಹಡಗು ಒಂದು ಬೆರಳು ಮುಂದಿದ್ದರೆ ಗುಂಡು ತಾಗುತ್ತದೆ, ಹಿಂದಿದ್ದರೆ ಇಲ್ಲ. ಒಂದು ದಿನ ದೇವಯ್ಯ ಹೇಳಿಯೇಬಿಟ್ಟ.

"ನಿನ್ನ ಟೇಪಿನ ಮೂತಿ ಬೆಂಡಾಗಿದೆ ಮಾರಾಯ. ಅದ್ಕೇ ಎಲ್ಲಾ ನಿನ್ನ ಕಡೆಗೇ ಬತ್ತದೆ."

ನನ್ನ ಟೇಪು! ಆ ಟೇಪು ಹಿಡಿದು ನಾನು ಹಾಸಿದ ಅಂಗಳಗಳಲ್ಲಿ ಇವತ್ತಿಗೂ ಒಂದು ಹನಿ ನೀರು ನಿಲ್ಲುವುದಿಲ್ಲ. ಅಂದೇ ತೀರ್ಮಾನ ಮಾಡಿದೆ, ಇನ್ನು ಟೇಪೂ ಬೇಡ, ಮಾತೂ ಬೇಡ. ನನ್ನ ಮನೆಯಂಗಳದಲ್ಲಿ ಆರು ಮೂಲೆಯ ಕಲ್ಲುಗಳಿದ್ದವು, ಒಂದಕ್ಕೊಂದು ಜೇನುಹುಟ್ಟಿನಂತೆ ಹೊಂದಿಕೊಂಡು. ಎರಡು ಇಂಚಿಗೆ ಒಂದು ಕಲ್ಲು ಎಂದೆ. ಎಣಿಸಿದರೆ ಮುಗಿಯಿತು, ಅಳೆಯುವ ತಂಟೆಯೇ ಇಲ್ಲ. ಪ್ಲಾಸ್ಟಿಕ್ ಹಡಗು ಅಲ್ಲಿ ಕಾಣುವುದಿಲ್ಲವೆಂದು ಡಬ್ಬದ ಮುಚ್ಚಳಗಳಿಗೆ ಬಣ್ಣ ಬಳಿದು, ಮೂತಿ ಯಾವ ಕಡೆಗೆಂದು ಬಾಣ ಬರೆದೆವು. ಮೂತಿ ಕಲ್ಲಿನ ಆರು ಪಕ್ಕಗಳಲ್ಲಿ ಯಾವುದಾದರೂ ಒಂದಕ್ಕೆ ಇರಬೇಕು, ಮೂಲೆಗೆ ಇರಕೂಡದು.

ಆಮೇಲೆ ತಿರುಗುವ ಪ್ರಶ್ನೆ ಬಂತು. ಪೆಟ್ಟಿಗೆಯಲ್ಲಿ ಅದಕ್ಕೆ ಬಾಗಿದ ರಟ್ಟುಗಳಿದ್ದವು. ಕಲ್ಲಿನ ಮೇಲೆ ಅವು ಕೆಲಸಕ್ಕೆ ಬಾರವು. ಸಣ್ಣದಿರಲಿ ದೊಡ್ಡದಿರಲಿ, ನಿಂತಲ್ಲೇ ತಿರುಗಲಿ ಬಿಡು ಎಂದೆ ನಾನು. ದೇವಯ್ಯನಿಗೆ ಸಿಟ್ಟು ಬಂತು.

"ಲೋಡ್ ಗಾಡಿ ನಿಂತಲ್ಲೇ ತಿರುಗ್ತದಾ? ಘಾಟಿಲಿ ತಿರುಗ್ಸಿ ತೋರ್ಸು ನೋಡನ! ಸಣ್ಣ ಹಡಗು ಒಂದು ಕಲ್ಲು ಹೋಗಿ ತಿರುಗ್ಲಿ. ದೊಡ್ಡದು ಮೂರು ಕಲ್ಲು ಹೋಗ್ಲೇಬೇಕು."

ಒಪ್ಪಿದೆ. ನೆನಪಿಡಿ, ಈ ನಿಯಮ ನನ್ನದಲ್ಲ, ಅವನದು.

ನಮ್ಮ ಅಂಗಳದ ಎರಡು ಕಡೆ ಕಡಿದಾದ ಮಣ್ಣಿನ ಧರೆ. ಉಳಿದಿದ್ದು ಗೇಟು ಮತ್ತು ಅದರ ಎಡಪಕ್ಕಕ್ಕೆ ಜಗಲಿ. ಮಂಡಿ ನೋವಿನ ದೇವಯ್ಯ ಜಗಲಿಯಲ್ಲಿ ಕುಳಿತು, ಹಣ್ಣು ಕೀಳುವ ದೋಟಿಯಿಂದ ತನ್ನ ಮುಚ್ಚಳಗಳನ್ನು ತಳ್ಳುತ್ತಿದ್ದ. ನಾನು ಗೇಟಿನ ಕಡೆ. ಗೇಟಿನಿಂದ ಹೊರಟರೆ ಕಲ್ಲಿನ ಹಿಂದೆ ಕಲ್ಲು, ನೂಲು ಹಿಡಿದ ಹಾಗೆ ನೇರ ದಾರಿ. ಜಗಲಿಯಿಂದ ಹೊರಟರೆ ಎದುರಿಗೆ ಸಿಗುವುದು ಮೂಲೆ. ಅವನ ದೊಡ್ಡ ಹಡಗು ಮೂರು ಕಲ್ಲು ಎಡಕ್ಕೆ ಓರೆಯಾಗಿ ಹೋಗಿ, ತಿರುಗಿ, ಮೂರು ಕಲ್ಲು ಬಲಕ್ಕೆ ಓರೆಯಾಗಿ ಬರಬೇಕು.

"ಏನ್ ದೇವಯ್ಯ, ನಿನ್ನ ಹಡಗು ಸಂತೆ ಮುಗ್ಸ್ಕಂಡು ಬತ್ತಾ ಅದಾ?" ಎಂದು ನಾನು ನಗುತ್ತಿದ್ದೆ. ಅವನೂ ನಗುತ್ತಿದ್ದ. ನಗುತ್ತಿದ್ದ ಎಂದೇ ನಾನು ತಿಳಿದಿದ್ದೆ.

ಕಾಫಿ ಪಿಕ್ಕಿಂಗ್ ಶುರುವಾದರೆ ಯುದ್ಧ ನಿಲ್ಲುತ್ತಿತ್ತು, ಅಂಗಳ ಕಾಫಿ ಒಣಗಿಸುವ ಕಣವಾಗುತ್ತಿತ್ತು. ಈ ಸಲ ಕೊನೆಗೆ ಕಣ ಗುಡಿಸುವಾಗ ನನ್ನ ತಮ್ಮ ಸೋಮಣ್ಣ ಪೊರಕೆ ಎಸೆದ.

"ಅಣ್ಣ, ಕಾಫಿಬೀಜ ಎಲ್ಲ ಕಲ್ಲಿನ ಸಂದಿಲಿ ಕೂರ್ತದೆ. ಇದನ್ನ ಕಿತ್ತು ಕಾಂಕ್ರೀಟ್ ಹಾಕ್ಸನ."

ಕಾಂಕ್ರೀಟ್ ಬಿದ್ದರೆ ನಮ್ಮ ಆಟ ಮುಗಿದಂತೆ. ಆದರೆ ಅಂಗಳದಲ್ಲಿ ಅವನಿಗೂ ಅರ್ಧ ಪಾಲಿದೆ, ಒಬ್ಬನೇ ಹಟ ಹಿಡಿಯುವಂತಿಲ್ಲ. ನನ್ನ ಪರವಾಗಿ ಮಾತಾಡಲು ದೇವಯ್ಯನನ್ನು ಕರೆಸಿದೆ. ಅವನು ಜಗಲಿಯಲ್ಲಿ ಕುಳಿತು ನಮ್ಮನೆಯ ಕಾಫಿ ಕುಡಿದ, ನಮ್ಮನೆಯ ಕಡುಬು ತಿಂದ, ಬಾಯಿ ಒರೆಸಿಕೊಂಡು ಹೇಳಿದ:

"ಕಾಂಕ್ರೀಟೇ ಒಳ್ಳೇದು ಸೋಮಣ್ಣ."

ಅವನನ್ನು ಗೇಟಿನವರೆಗೆ ಕಳಿಸಲು ಹೋದವನು ಅಲ್ಲಿ ಹಿಡಿದು ನಿಲ್ಲಿಸಿದೆ.

"ಎಂತ ಹೇಳ್ದೆ ನೀನು? ಆಟ ಎಲ್ಲಾಡದು?"

"ಕಾಂಕ್ರೀಟ್ ಮೇಲೆ ಗೀಟು ಎಳಿಯನ. ಆವಾಗ ನಂಗೂ ನೇರ ದಾರಿ ಬತ್ತದಲ್ಲ. ಪೆಟ್ಗೆ ಆಟದಲ್ಲಿ ಯಾವ ಕಡೆಯಿಂದ ಹೊರಟ್ರೂ ಒಂದೇ ಇತ್ತು. ನಿನ್ನ ಕಲ್ಲಿನ ಮೇಲೆ ನಾನು ಇಷ್ಟು ವರ್ಷ ಡೊಂಕು ನಡೆದೆ. ನಿಂಗೆ ಕಾಣ್ಲಿಲ್ಲ."

"ಬಾಯಿ ಬಿಟ್ಟು ಹೇಳಕ್ಕೆ ಎಂತ ಆಗಿತ್ತು?"

"ಮಂಡಿ ನೋವು ಅಂತ ಜಗಲಿ ಕೇಳಿದ್ದೇ ನಾನು. ಅದ್ರ ಮೇಲೆ ದಾರಿನೂ ಕೇಳನಾ?"

ಹೇಗಿದೆ ನೋಡಿ! ಕೇಳದೆ ನುಂಗಿಕೊಂಡದ್ದು ಅವನು, ಕಾಣಲಿಲ್ಲ ಎನಿಸಿಕೊಂಡದ್ದು ನಾನು. ಕಲ್ಲು ಹಾಸುವವನಿಗೆ ಕಲ್ಲಿನ ದಿಕ್ಕು ಕಾಣಲಿಲ್ಲ ಎನ್ನುವುದಕ್ಕಿಂತ ನನ್ನ ಕಪಾಳಕ್ಕೆ ಎರಡು ಬಿಗಿದಿದ್ದರೆ ಸುಮ್ಮನಿರುತ್ತಿದ್ದೆ.

ಮರುದಿನ ಹಾರೆ ತೆಗೆದುಕೊಂಡು ಅಂಗಳ ಕಿತ್ತೆ. ಅಣ್ಣ ಸೋತ ಎಂದು ಸೋಮಣ್ಣ ಕಾಂಕ್ರೀಟಿನ ಜಲ್ಲಿಗೆ ಹೇಳಲು ಹೊರಟಿದ್ದ. ಬೇಡ ಎಂದೆ. ಅದೇ ಕಲ್ಲುಗಳನ್ನು, ಮೂಲೆ ಇದ್ದ ಕಡೆಗೆ ಪಕ್ಕ ಬರುವಂತೆ ತಿರುಗಿಸಿ, ಗಾರೆಯ ಮೇಲೆ ಕೂರಿಸಿದೆ. ಅಂಚಿನ ತುಂಡುಗಳನ್ನೆಲ್ಲ ಹೊಸದಾಗಿ ಕತ್ತರಿಸಬೇಕಾಯಿತು. ಸಂದಿಗಳಿಗೆಲ್ಲ ಸಿಮೆಂಟ್ ಹಾಲು ಬಿಟ್ಟೆ. ಸೋಮಣ್ಣ ಒಂದು ಹಿಡಿ ಕಾಫಿಬೀಜ ಚೆಲ್ಲಿ, ಕೈಯಲ್ಲೇ ಬಳಿದು ನೋಡಿದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಪೊರಕೆ ಎತ್ತಿಕೊಂಡು ಒಳಗೆ ಹೋದ.

ನಿನ್ನೆ ದೇವಯ್ಯನನ್ನು ಕರೆದೆ. ಜಗಲಿಯಲ್ಲಿ ಕುಳಿತು ಅಂಗಳವನ್ನು ಬಹಳ ಹೊತ್ತು ನೋಡಿದ. ಥ್ಯಾಂಕ್ಸ್ ಇಲ್ಲ, ಏನಿಲ್ಲ. ದೋಟಿ ಎತ್ತಿ ತನ್ನ ದೊಡ್ಡ ಹಡಗನ್ನು ತಳ್ಳಿದ. ಅದು ನೂಲು ಹಿಡಿದ ಹಾಗೆ ನೇರವಾಗಿ ಬಂತು. ನನ್ನದು ಗೇಟಿನಿಂದ ಹೊರಟು ಮೂರು ಕಲ್ಲು ಎಡಕ್ಕೆ, ಮೂರು ಕಲ್ಲು ಬಲಕ್ಕೆ ತಡವರಿಸುವಷ್ಟರಲ್ಲಿ ಗುಂಡು ತಿಂದು ಮುಗಿದಿತ್ತು.

"ಇದು ಸರಿ ಇಲ್ಲ. ಒಂದು ಕಲ್ಲು ಪಕ್ಕಕ್ಕೆ ಜಾರಿದ್ರೆ ತಿರುಗಿದ ಲೆಕ್ಕ ಅಲ್ಲ ಅಂತ ಹೊಸ ನಿಯಮ ಮಾಡನ," ಎಂದೆ.

"ಲೋಡ್ ಗಾಡಿ ಪಕ್ಕಕ್ಕೆ ಜಾರಿದ್ರೆ ಧರೆಗೆ ಬೀಳ್ತದೆ ಮಾರಾಯ," ಎಂದ ದೇವಯ್ಯ. ಆಮೇಲೆ, ಇಷ್ಟು ವರ್ಷ ಕಾದಿಟ್ಟುಕೊಂಡದ್ದನ್ನು ತೆಗೆಯುವವನ ಹಾಗೆ, ನಿಧಾನವಾಗಿ: "ಎಂತ, ನಿನ್ನ ಹಡಗು ಸಂತೆಗೆ ಹೋಗಿತ್ತಾ?"

ಅವನು ಆ ಜಗಲಿಯಲ್ಲಿ ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ಅಷ್ಟು ದಿನ ಕಂಡದ್ದು ನಗುವಲ್ಲ ಎಂದು ಆಗ ಗೊತ್ತಾಯಿತು.

ಹೊಸ ಗಾರೆಗೆ ದಿನಾ ನೀರು ಕುಡಿಸಬೇಕು. ಕುಡಿದಷ್ಟೂ ಕಲ್ಲಿನ ಹಿಡಿತ ಬಿಗಿಯಾಗುತ್ತದೆ. ಒಮ್ಮೆ ಬಿಗಿಯಾದರೆ ಈ ಅಂಗಳವನ್ನು ಇನ್ನಾರೂ ತಿರುಗಿಸಲಾರರು. ನನ್ನ ಡೊಂಕು ದಾರಿಗೆ ನಾನೇ ಬೆಳಿಗ್ಗೆ ಎದ್ದು ನೀರೆರೆಯುತ್ತಿದ್ದೇನೆ ಎಂದರೆ ಮೈ ಉರಿಯದೆ ಇರುತ್ತದೆಯೇ, ಹೇಳಿ. ಉರಿಯಿತು. ಜಗಲಿಯ ಕಡೆಯ ಸಾಲಿಗೆ ಇನ್ನೊಂದು ಬಿಂದಿಗೆ ಹೆಚ್ಚಾಗಿಯೇ ಹೊಡೆದೆ.