ಹೆಬ್ಬೆರಳಿನ ಕೆಳಗಿದ್ದ ತಾಲೂಕು

ಮಲಪನಗುಡಿಯ ಹಾಲೇಶನಿಗೆ ಈಗ ಐವತ್ಮೂರು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಅವನು ಹಂಪಿಯಲ್ಲಿ ಗೈಡು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರವಾಸಿಗನಿಗೂ ಅವನು ‘ಗೊತ್ತಿಲ್ಲ’ ಎಂದವನಲ್ಲ. ಮೊದಲೆಲ್ಲ ಈ ಮಾತನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಈಗಲೂ ಹೇಳುತ್ತಾನೆ, ಆದರೆ ಹೇಳಿ ತಾನೇ ಮೊದಲು ನಗುತ್ತಾನೆ. ಬೇರೆಯವರು ನಗುವ ಮುಂಚೆ ನಾವೇ ನಕ್ಕುಬಿಟ್ಟರೆ ಮರ್ಯಾದೆ ಒಂದಿಷ್ಟು ಉಳಿಯುತ್ತದೆ ಎನ್ನುವುದು ಅವನ ಲೆಕ್ಕಾಚಾರ.

ಅವನ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ. ಅದರಲ್ಲಿ ದೇಶಕ್ಕೊಂದು ಪುಟ. ಪ್ರವಾಸಿಗರು ಸಿಕ್ಕ ಕೂಡಲೇ ಯಾವ ದೇಶ ಎಂದು ಕೇಳುವುದು, ಗಿರಾಕಿಯ ಕಾಲಳತೆ ನೋಡಿ ಚಪ್ಪಲಿ ತೆಗೆಯುವ ಅಂಗಡಿಯವನ ಹಾಗೆ ಆ ದೇಶಕ್ಕೆ ಹೊಂದುವ ಇತಿಹಾಸವನ್ನು ತೆಗೆಯುವುದು, ಇದು ಅವನ ಕಸುಬು. ಇಂಗ್ಲೆಂಡಿನವರು ಬಂದರೆ ಪೋರ್ಚುಗೀಸರು ಗೋವೆಯಲ್ಲಿ ಮಾಡಿದ ಅನಾಹುತಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಪೋರ್ಚುಗಲ್ಲಿನವರು ಬಂದರೆ ಇಂಗ್ಲಿಷರು ಬಂಗಾಳವನ್ನು ಉಪವಾಸ ಕೆಡವಿದ್ದನ್ನು ಹೇಳಿ, ನಡುನಡುವೆ ಅವರ ಪೂರ್ವಿಕರು ವಿಜಯನಗರಕ್ಕೆ ತಂದು ಮಾರಿದ ಕುದುರೆಗಳನ್ನು ಹೊಗಳುತ್ತಿದ್ದ. ಫ್ರಾನ್ಸಿನವರಿಗೆ ಈ ಇಬ್ಬರ ಕಥೆಯೂ ಒಟ್ಟಿಗೆ. ಡಚ್ಚರ ಪುಟದಲ್ಲಿ ‘ಜಾಜಿಕಾಯಿಗಾಗಿ ದ್ವೀಪದವರನ್ನ ಕೊಂದ ಸುದ್ದಿ ಬ್ಯಾಡ, ಟ್ಯೂಲಿಪ್ ಹೂವು ಸಾಕು’ ಎಂದಿತ್ತು. ಬೆಲ್ಜಿಯಂ ಪುಟದಲ್ಲಿ ‘ಕಾಂಗೋದಾಗ ಆಳುಗಳ ಕೈ ಕಡಿಸಿದ್ದು ಬ್ಯಾಡವೇ ಬ್ಯಾಡ. ಚಾಕೊಲೇಟ್.’ ಹೀಗೆ ಅರ್ಧ ಭೂಮಂಡಲವನ್ನು ನುಂಗಿ ನೀರು ಕುಡಿದವರ ಮೊಮ್ಮಕ್ಕಳು, ಹಾಲೇಶನ ಜೊತೆ ಎರಡು ತಾಸು ಸುತ್ತಿದರೆ ಪರಮ ಸಂಭಾವಿತರಾಗಿ ಊರಿಗೆ ಹೋಗುತ್ತಿದ್ದರು.

ನಮ್ಮವರಿಗಾದರೆ ಎಲ್ಲಾ ಪಾಪವೂ ಬ್ರಿಟಿಷರದು. ಒಮ್ಮೆ ಕಾಲೇಜು ಹುಡುಗರ ಒಂದು ಬಸ್ಸು ಬಂದಿತ್ತು. ಹಂಪಿಯನ್ನೂ ಬ್ರಿಟಿಷರೇ ಕೆಡವಿದ್ದಲ್ಲವೇ ಎಂದು ಅವರು ಆಸೆಯಿಂದ ಕೇಳಿದರು. ಹಾಲೇಶನಿಗೆ ಅವರ ಮನಸ್ಸು ಮುರಿಯಲು ಆಗಲಿಲ್ಲ, ಹೌದೆಂದುಬಿಟ್ಟ. ಹಂಪಿ ಬಿದ್ದಾಗ ಇಂಗ್ಲಿಷರ ಕಂಪನಿ ಹುಟ್ಟುವುದಕ್ಕೇ ಇನ್ನೂ ಮೂವತ್ತೈದು ವರ್ಷ ಬಾಕಿ ಇತ್ತು. ಅವತ್ತು ಮನೆಗೆ ಬಂದು ಇದನ್ನು ಹೆಂಡತಿ ಸುವರ್ಣಮ್ಮನಿಗೆ ಹೇಳಿಕೊಂಡು ನಕ್ಕ. ಅವಳು ನಗಲಿಲ್ಲ.

"ನೀವು ಯಾರಿಗಾದ್ರೂ ಒಂದಿನ ಖರೇನ ಹೇಳ್ರಿ, ಮೈಗೆ ಒಗ್ಗತೈತೋ ಇಲ್ಲೋ ನೋಡೋಣು" ಎಂದಿದ್ದಳು.

ಹೋದ ಜನವರಿಯಲ್ಲಿ ಹೊಸಪೇಟೆ ಸ್ಟೇಷನ್ನಿನ ಮುಂದೆ ಅವನು ‘ಅಂಜಿನಿ’ ಎಂದು ಬರೆದ ರಟ್ಟು ಹಿಡಿದು ನಿಂತಿದ್ದ. ದಕ್ಷಿಣ ಆಫ್ರಿಕಾದ ಡರ್ಬನ್ನಿನಿಂದ ಬರುವ ಗಿರಾಕಿ. ನಮ್ಮ ಕಡೆ ಅಂಜಿನಿ ಎಂದರೆ ಗಂಡಸು, ಹಾಗಾಗಿ ಅವನು ಮೀಸೆಯ ಮುಖಗಳನ್ನೇ ಹುಡುಕುತ್ತಿದ್ದ. ಬಂದು ಎದುರಿಗೆ ನಿಂತವಳು ಅರವತ್ತರ ಹತ್ತಿರದ ಹೆಂಗಸು. ಬೆಳ್ಳಗಾದ ಗಿಡ್ಡ ಕೂದಲು, ಪ್ಯಾಂಟು, ಹೆಗಲಿಗೊಂದು ಶಾಲು. ಬಣ್ಣ ನೋಡಿದರೆ ಕಂಪ್ಲಿ ಸಂತೆಯಲ್ಲಿ ಯಾರಾದರೂ ಮಾತಾಡಿಸಿಬಿಡುವ ಹಾಗೆ. ಬಾಯಿ ತೆರೆದರೆ ಬರೀ ಇಂಗ್ಲಿಷು.

ಹಾಲೇಶ ಆಗಲೇ ಡೈರಿ ತೆಗೆದು ನೋಡಿಕೊಂಡಿದ್ದ. ದಕ್ಷಿಣ ಆಫ್ರಿಕಾ: ಗಾಂಧಿ, ರೈಲು, ಕ್ರಿಕೆಟ್. ಮೂರನ್ನೂ ವರಸೆಯಾಗಿ ಶುರು ಮಾಡಿದ. ಅಂಜಿನಿ ಸಮಾಧಾನದಿಂದ ಕೇಳಿ, ತನಗೆ ಹಂಪಿ ನೋಡುವ ಆಸೆ ಅಷ್ಟಾಗಿ ಇಲ್ಲ ಎಂದಳು. ಬ್ಯಾಗು ಬಿಚ್ಚುವಾಗ ಅದರ ಪಟ್ಟಿಯ ದಾರ ಕಿತ್ತು ಬಂತು. ಮಾತಾಡುತ್ತಲೇ ಅದರ ಎರಡು ತುದಿ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಹಾಕಿದಳು. ತಮ್ಮ ಮನೆಯಲ್ಲಿ ಎಲ್ಲರಿಗೂ ಈ ಗಂಟು ಬರುತ್ತದೆ, ಮುತ್ತಜ್ಜನಿಂದ ಬಂದದ್ದಂತೆ ಎಂದಳು. ಹಾಲೇಶ ‘ಓ’ ಎಂದ. ಆಮೇಲೆ ಅವಳು ಒಂದು ಕಾಗದ ತೆಗೆದು ಅವನ ಕೈಗೆ ಕೊಟ್ಟಳು.

ಅದು ನೂರಿಪ್ಪತ್ತು ವರ್ಷದ ಹಿಂದೆ ಮದ್ರಾಸಿನಲ್ಲಿ ಹಡಗು ಹತ್ತಿದವರ ಪಟ್ಟಿಯ ನಕಲು. ಗುಲಾಮರನ್ನು ಕೊಳ್ಳುವುದು ನಿಂತ ಮೇಲೆ ಕಬ್ಬಿನ ತೋಟದ ದೊರೆಗಳಿಗೆ ಆಳು ಬೇಕಾದವು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮದ್ರಾಸಿನಿಂದ, ಕಲ್ಕತ್ತೆಯಿಂದ ಹಡಗುಗಟ್ಟಲೆ ಜನರನ್ನು ಸಾಗಿಸಿದರು. ಮಾರಿಷಸ್ಸಿಗೆ, ಗಯಾನಾಕ್ಕೆ, ಫಿಜಿಗೆ, ಡರ್ಬನ್ ಇರುವ ನಟಾಲಿಗೆ. ಈ ಸಂಗತಿಗೆ ಹಾಲೇಶನ ಡೈರಿಯಲ್ಲಿ ಪುಟ ಇರಲಿಲ್ಲ, ಏಕೆಂದರೆ ಹಾಗೆ ಹೋದವರ ಮೊಮ್ಮಕ್ಕಳು ಯಾರೂ ಅವನಿಗೆ ಗಿರಾಕಿಯಾಗಿ ಬಂದಿರಲಿಲ್ಲ. ಕಾಗದದಲ್ಲಿ ಒಂದು ನಂಬರು, ಅದರ ಮುಂದೆ ಅವಳ ಮುತ್ತಜ್ಜ ಉಚ್ಚೆಂಗಪ್ಪನ ಹೆಸರು. ವಯಸ್ಸು ಇಪ್ಪತ್ತೆರಡು. ಎಡಗಾಲಿನ ಮೇಲೆ ಗಾಯದ ಗುರುತು. ಜಿಲ್ಲೆ ಬಳ್ಳಾರಿ, ಊರು ಎಮ್ಮಿಗನೂರು. ಕೆಳಗಿನ ಸಾಲಿನಲ್ಲಿ ತಾಲೂಕು ಆದೋನಿ, ಕಸುಬಿನ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ‘ನೇಕಾರ’ ಎಂಬ ಕನ್ನಡ ಪದ.

ಹೋದ ವರ್ಷ ಅಪ್ಪ ತೀರಿಕೊಂಡ, ಸಾಯುವ ಮುಂಚೆ ಒಂದೇ ಮಾತು ಕೇಳಿಕೊಂಡ ಎಂದಳು ಅಂಜಿನಿ. ಡರ್ಬನ್ನಿನ ಮನೆಯಂಗಳದಲ್ಲಿ ಮುತ್ತಜ್ಜನ ನೆನಪಿಗೆ ಇಡುವ ಕಲ್ಲಿನ ಮೇಲೆ ನಮ್ಮ ಊರಿನ ಹೆಸರು ಸರಿಯಾಗಿ ಕೆತ್ತಿಸಬೇಕು ಎಂದು. ಊರನ್ನು ಕಣ್ಣಾರೆ ನೋಡಿ, ಕಲ್ಲನ್ನು ಇಲ್ಲೇ ಕೆತ್ತಿಸಿಕೊಂಡು ಹೋಗಲು ಅವಳು ಬಂದಿದ್ದಳು. ಈ ಊರು ನಿಮಗೆ ಗೊತ್ತೇ ಎಂದು ಕೇಳಿದಳು.

ಹಾಲೇಶನಿಗೆ ಎಲ್ಲವೂ ಚೆನ್ನಾಗಿ ಗೊತ್ತಿತ್ತು. ಬ್ರಿಟಿಷರ ಕಾಲದಲ್ಲಿ ಆದೋನಿ ನಮ್ಮ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅಲ್ಲೊಂದು ಎಮ್ಮಿಗನೂರು ಇದೆ, ಮಗ್ಗದ ಊರು, ಈಗ ಆಂಧ್ರದಲ್ಲಿದೆ, ಹೋಗಲು ನಾಲ್ಕು ತಾಸು ಬೇಕು. ಆ ಪಟ್ಟಣದಲ್ಲಿ ಅವನಿಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಅಲ್ಲಿ ನೂರಿಪ್ಪತ್ತು ವರ್ಷದ ಹಿಂದಿನ ಮನೆ ಯಾವುದು ಎಂದರೆ ‘ಗೊತ್ತಿಲ್ಲ’ ಎನ್ನಬೇಕಾಗುತ್ತದೆ. ನಮ್ಮ ಕಂಪ್ಲಿ ತಾಲೂಕಿನ ಎಮ್ಮಿಗನೂರಾದರೆ ಒಂದು ತಾಸಿನ ದಾರಿ. ಅಲ್ಲಿನ ಜಂಬವ್ವನ ಮನೆಯಿಂದಲೇ ಸುವರ್ಣಮ್ಮ ವರ್ಷದ ಅಕ್ಕಿ ತರಿಸುವುದು, ಆ ಜಂಬವ್ವನ ಮಗನ ಹೆಸರೂ ಉಚ್ಚೆಂಗಪ್ಪ. ಇದನ್ನೆಲ್ಲ ಹಾಲೇಶ ಯೋಚನೆ ಮಾಡಿ ನಿರ್ಧರಿಸಿದ ಎಂದುಕೊಳ್ಳಬೇಡಿ. ಅವನ ಹೆಬ್ಬೆರಳೇ ತಾನಾಗಿ ಸರಿದು ಆ ಕೊನೆಯ ಸಾಲಿನ ಮೇಲೆ ಕೂತಿತು.

"ಗೊತ್ತಿಲ್ಲದೆ ಏನು ಮೇಡಂ, ನಿಮ್ಮ ಮನೆಯೇ ಗೊತ್ತು" ಎಂದ.

ಜಂಬವ್ವನಿಗೆ ಫೋನು ಮಾಡಿ, ನಿಮ್ಮ ಮನೆಯ ಹಿರಿಯನೊಬ್ಬ ಹಿಂದೆ ಹಡಗು ಹತ್ತಿ ಹೋಗಿದ್ದನಂತೆ, ಅವನ ವಂಶದವಳು ಬರುತ್ತಾಳೆ ಎಂದ. ಎಪ್ಪತ್ತು ದಾಟಿದ ಆ ಮುದುಕಿ ಯಾವಾಗ ಹೋಗಿದ್ದ, ಯಾಕೆ ಹೋಗಿದ್ದ ಎಂದೇನೂ ಕೇಳಲಿಲ್ಲ. ಉಂಡು ಬರುತ್ತಾಳೋ ಇಲ್ಲಿ ಬಂದು ಉಣ್ಣುತ್ತಾಳೋ ಎಂದಷ್ಟೇ ಕೇಳಿದಳು.

ಮರುದಿನ ಎಮ್ಮಿಗನೂರಿನ ದಾರಿಯಲ್ಲಿ ಕಬ್ಬು ಕಡಿಯುತ್ತಿದ್ದರು. ಅಂಜಿನಿ ಕಾರು ನಿಲ್ಲಿಸಲು ಹೇಳಿ ಇಳಿದು, ಗದ್ದೆಯ ಬದುವಿನಲ್ಲಿ ನಿಂತು ಅತ್ತಳು. ಇಲ್ಲಿಯ ಕಬ್ಬಿನಿಂದ ಅಲ್ಲಿಯ ಕಬ್ಬಿಗೆ ಹೋದನೇ, ಹಾಗಾದರೆ ಕೆಲಸವಾದರೂ ಪರಿಚಯದ್ದು ಇತ್ತಲ್ಲ ಎಂದಳು. ಹಾಲೇಶ ಹೌದು ಹೌದು ಎಂದ. ಅವಳಿಗೆ ಸಮಾಧಾನವಾಯಿತೆಂದು ಖುಷಿಯೂ ಪಟ್ಟ.

ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಆಯಿತು. ಕಟ್ಟೆಯ ಮೇಲೆ ಕೂತಿದ್ದ ಜಂಬವ್ವನ ಗಂಡ ಎಲೆಅಡಿಕೆ ಹಾಕಿಕೊಳ್ಳುತ್ತಾ, ಮೂಗು ಥೇಟ್ ನಮ್ಮ ಸೋದರತ್ತೆಯದೇ ಎಂದುಬಿಟ್ಟ. ಹೊರಡುವ ಹೊತ್ತಿಗೆ ಜಂಬವ್ವ ಅಂಜಿನಿಯನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದಳು. ಮನೆಮಗಳೆಂದು ಉಡಿ ತುಂಬಲು ಸೀರೆಯ ಸೆರಗು ಬೇಕು, ಪ್ಯಾಂಟಿನವಳಿಗೆ ಸೆರಗೆಲ್ಲಿಂದ ಬರಬೇಕು. ಮುದುಕಿ ಅವಳ ಹೆಗಲಿನ ಶಾಲನ್ನೇ ಮಡಿಲಿಗೆ ಹರಡಿ, ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಸಿನದ ಕೊಂಬು, ಒಂದು ಹಸಿರು ಕುಬುಸದ ಕಣ ಹಾಕಿದಳು. ಹಾಗೆ ಹಾಕುವಾಗ ಮುದುಕಿಯ ಕಣ್ಣಲ್ಲಿ ನೀರಿತ್ತು. ತನ್ನದಲ್ಲದ ಹಿರಿಯನಿಗಾಗಿ ಅವಳು ಅಳುತ್ತಿದ್ದಳು. ಅದನ್ನು ನೋಡಲಾಗದೆ ಹಾಲೇಶ ಎದ್ದು ಕಾರಿನ ಕಡೆ ನಡೆದ.

ಮೂರನೆಯ ದಿನ ಹೊಸಪೇಟೆಯಲ್ಲಿ ಕಲ್ಲು ಕೆತ್ತುವ ಜಂಬುನಾಥನ ಶೆಡ್ಡಿಗೆ ಹೋದರು. ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ಸಣ್ಣ ಕಪ್ಪು ಕಲ್ಲನ್ನು ಅವನು ಉಜ್ಜಿ ಇಟ್ಟಿದ್ದ. ಕನ್ನಡದ ಸಾಲನ್ನು ಸೀಮೆಸುಣ್ಣದಲ್ಲಿ ಯಾರಾದರೂ ಬರೆದುಕೊಟ್ಟರೆ ಅದರ ಮೇಲೇ ಉಳಿ ಓಡಿಸುತ್ತೇನೆ ಎಂದ. ನೀವೇ ಬರೆಯಬೇಕು, ನನ್ನ ಊರು ಹುಡುಕಿಕೊಟ್ಟವರು ನೀವು ಎಂದಳು ಅಂಜಿನಿ.

ಹಾಲೇಶ ಸೀಮೆಸುಣ್ಣ ಹಿಡಿದು ಕೂತ. ‘ಉಚ್ಚೆಂಗಪ್ಪ’ ಎಂದು ಬರೆದ. ‘ಎಮ್ಮಿಗನೂರು’ ಎಂದೂ ಬರೆದ. ತಾಲೂಕಿನ ಹತ್ತಿರ ಕೈ ನಿಂತಿತು. ಇಪ್ಪತ್ತೊಂಬತ್ತು ವರ್ಷ ಅವನು ಶಾಸನಗಳ ಮುಂದೆ ನಿಂತು, ರಾಜರು ಕಲ್ಲಿನ ಮೇಲೂ ಬಡಾಯಿ ಕೊಚ್ಚಿದ್ದಾರೆ ಎಂದು ನಗೆಯಾಡಿದ್ದ. ಹೆಸರು, ಊರು ತಪ್ಪು ತಪ್ಪು ಬರೆದ ಬ್ರಿಟಿಷರ ಗುಮಾಸ್ತರನ್ನು ಗೇಲಿ ಮಾಡಿದ್ದ. ಈಗ ನೋಡಿದರೆ ಮದ್ರಾಸಿನ ಆ ಗುಮಾಸ್ತ, ಸೆಕೆಯಲ್ಲಿ, ಕಣ್ಣು ಹಾಯುವಷ್ಟು ಉದ್ದದ ಜನರ ಸಾಲಿನ ಮುಂದೆ ಕೂತೂ ತಾಲೂಕನ್ನು ಸರಿಯಾಗಿ ಬರೆದಿದ್ದ. ತಪ್ಪು ಬರೆಯಲು ಹೊರಟವನು ಹಾಲೇಶ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಪಕ್ಕದಲ್ಲಿ ಚಹಾ ಇತ್ತು. ನೂಲಿನ ಕೈಗೆ ಮಚ್ಚು ಕೊಟ್ಟು ಕಬ್ಬಿಗೆ ಅಟ್ಟಿದ್ದು ದೊರೆಗಳಾದರೆ, ಆ ಕೈಯಲ್ಲಿ ನೂಲಿತ್ತು ಎಂಬುದನ್ನೇ ಅಳಿಸಲು ಕೂತವನು ಮಲಪನಗುಡಿಯ ಈ ಮಹಾನುಭಾವ. ಅವನಿಗೆ ತನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದರೆ, ಅದನ್ನು ತಮಾಷೆ ಮಾಡಿ ತೇಲಿಸಲೂ ಒಂದು ಮಾತು ಸಿಗಲಿಲ್ಲ.

ಅವನು ಆ ಕಾಗದ ಕೇಳಿ ತೆಗೆದುಕೊಂಡ. ಅವತ್ತಿನ ಹಾಗೆಯೇ ಹೆಬ್ಬೆರಳಿಟ್ಟು ತೋರಿಸಿದ, ಆಮೇಲೆ ಬೆರಳೆತ್ತಿದ. ಆ ಸಾಲನ್ನು ಅಂಜಿನಿಯೂ ನೂರು ಸಲ ಓದಿದ್ದಳು, ಆದರೆ ಅದು ಬೇರೆಯೇ ಊರಿನ ವಿಳಾಸ ಎಂದಾಗಲಿ, ಆ ಕನ್ನಡ ಪದದ ಅರ್ಥ ನೇಯುವವನು ಎಂದಾಗಲಿ ತಿಳಿಯುವ ದಾರಿ ಅವಳಿಗಿರಲಿಲ್ಲ. ಊರು ಎರಡಿವೆ, ನಿಮ್ಮದು ಇದಲ್ಲ, ನಿಮ್ಮ ಮುತ್ತಜ್ಜ ಕಬ್ಬು ಕಡಿಯುವವನಾಗಿರಲಿಲ್ಲ, ನೇಕಾರ, ನನಗೆ ಮೊದಲ ದಿನವೇ ಗೊತ್ತಿತ್ತು ಎಂದ.

ಅಂಜಿನಿ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಸಿ ಇಟ್ಟಳು. ಕೂಗಾಡಲಿಲ್ಲ.

"ನನ್ನ ಮುತ್ತಜ್ಜನಿಗೆ ಒಬ್ಬ ದಲ್ಲಾಳಿ ಸಿಕ್ಕಿದ್ದ. ಒಳ್ಳೆಯ ಜಾಗ, ಹತ್ತಿರದಲ್ಲೇ ಇದೆ ಎಂದು ಹೇಳಿ ಹಡಗು ಹತ್ತಿಸಿದ್ದ. ನನಗೆ ನೀವು ಸಿಕ್ಕಿರಿ" ಎಂದಳು.

ಮರುದಿನ ಹಾಲೇಶ ತಾನೇ ಕಾರು ನಡೆಸಿಕೊಂಡು ಅವಳನ್ನು ಆದೋನಿ ಕಡೆಯ ಎಮ್ಮಿಗನೂರಿಗೆ ಕರೆದುಕೊಂಡು ಹೋದ. ಅಲ್ಲಿ ಅವರು ಅಂದುಕೊಂಡ ಹಾಗೆಯೇ ಆಯಿತು, ಯಾರಿಗೂ ಏನೂ ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ಮುದುಕನ ನೂಲು ಕಿತ್ತಿತು. ಅವನು ತುದಿಗಳನ್ನು ಸೇರಿಸಿ ಗಂಟು ಹಾಕುವುದನ್ನು ಅಂಜಿನಿ ಬಗ್ಗಿ ನೋಡಿದಳು. ಇದೇ ಗಂಟೇ ಎಂದು ಹಾಲೇಶ ಕೇಳಿದ. ಅವಳು ಆ ಮನೆಯಲ್ಲಿ ಇನ್ನೂ ಒಂದು ತಾಸು ಕೂತಿದ್ದಳು.

ಅಂಜಿನಿ ಡರ್ಬನ್ನಿಗೆ ಹೊರಡುವ ಮುಂಚೆ ಒಂದು ಕೆಲಸ ಉಳಿದಿತ್ತು. ಉಡಿಯ ಅಕ್ಕಿ, ಕಣ ತನ್ನದಲ್ಲ, ವಾಪಸು ಕೊಡಬೇಕು ಎಂದಳು. ಹಾಲೇಶ ಎಷ್ಟು ಬೇಡವೆಂದರೂ ಕೇಳಲಿಲ್ಲ. ಜಂಬವ್ವನ ಅಂಗಳದಲ್ಲಿ ನಿಂತು ಅವನು ತಪ್ಪೊಪ್ಪಿಕೊಂಡ. ಮುದುಕಿ ಅಕ್ಕಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಅಂಜಿನಿ ಮುಂದೆ ಚಾಚಿದ ಅಕ್ಕಿಯ ಗಂಟನ್ನು ಮುಟ್ಟಲಿಲ್ಲ.

"ತುಂಬಿದ ಉಡಿ ಹಿಂದಕ್ಕ ಇಸ್ಕಣಂಗಿಲ್ಲವ್ವ. ನಿಮ್ಮಜ್ಜ ಯಾವೂರಾವರ ಇರವಲ್ಲನ್ಯಾಕ. ನಾ ಉಡಿ ತುಂಬಿದ್ದು ಅವಗಲ್ಲ, ನಿನಗ" ಎಂದಳು. ಆಮೇಲೆ ಹಾಲೇಶನ ಕಡೆ ತಿರುಗಿದಳು. "ಸುಳ್ಳು ನಿಂದು, ಅಕ್ಕಿ ನಂದು. ನಿನ್ನ ಸುಳ್ಳು ನೀ ತಗಂಡು ಹೋಗು."

ಹಾಲೇಶ ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಅಷ್ಟು ವರ್ಷದ ಗೈಡಿನ ಕೆಲಸದಲ್ಲಿ ಒಂದು ಮಾತನ್ನೂ ಸೇರಿಸದೆ, ಬಿಡದೆ, ಕೇಳಿದ್ದನ್ನು ಕೇಳಿದ ಹಾಗೆ ಅವನು ಹೇಳಿದ್ದು ಅದೇ ಮೊದಲು. ಅಂಜಿನಿ ಗಂಟನ್ನು ಎದೆಗೆ ಒತ್ತಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಜಂಬವ್ವನ ತೀರ್ಪು ಅಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಮಗಳಾದ ಮೇಲೆ ಪಂಚಮಿ ಹಬ್ಬಕ್ಕೆ ಕರೆತರಲು ಅಣ್ಣತಮ್ಮಂದಿರು ಹೋಗಬೇಕಲ್ಲ. ತನ್ನ ಮಗನಿಗೆ ಹೊಲದ ಕೆಲಸ ಬಿಟ್ಟು ಪುರುಸೊತ್ತಿಲ್ಲ, ಇವಳನ್ನು ತಂದವನು ನೀನು, ಆದ್ದರಿಂದ ತಮ್ಮನೂ ನೀನೇ, ಕರೆಯಲು ಹೋಗಬೇಕಾದವನೂ ನೀನೇ ಎಂದಳು.

"ಎಲ್ಲಿ ಐತಿ ಅವ್ರೂರು?" ಎಂದು ಕೇಳಿದಳು.

ಸಮುದ್ರದ ಆಚೆ, ವಿಮಾನದಲ್ಲಿ ಹೋಗಬೇಕು ಎಂದ ಹಾಲೇಶ.

"ಹೋಗಬೇಕಪ ಮತ್ತ."

ಕಲ್ಲಿನ ಮೇಲೆ ಹಾಲೇಶ ತನ್ನ ಕೈಯಾರೆ ಬರೆದ ಸಾಲು ಹೀಗಿದೆ: ‘ಉಚ್ಚೆಂಗಪ್ಪ, ನೇಕಾರ, ಎಮ್ಮಿಗನೂರು, ಆದೋನಿ ತಾಲೂಕು.’ ಅದರ ಕೆಳಗೆ ಇನ್ನೊಂದು ಸಾಲನ್ನು ಅಂಜಿನಿಯೇ ಹೇಳಿ ಬರೆಸಿದಳು: ‘ನನ್ನ ತವರು, ಜಂಬವ್ವನ ಮನೆ, ಎಮ್ಮಿಗನೂರು, ಕಂಪ್ಲಿ ತಾಲೂಕು.’

ಹಾಲೇಶ ಇನ್ನೂ ಗೈಡೇ. ಡೈರಿ ಈಗಲೂ ಜೇಬಿನಲ್ಲಿದೆ, ಆದರೆ ಬೆಲ್ಜಿಯಂನವರಿಗೂ ಕಾಂಗೋದ ಕಥೆ ಹೇಳಲು ಶುರು ಮಾಡಿದ ಮೇಲೆ ಬಕ್ಷೀಸು ಕಮ್ಮಿಯಾಗಿದೆ. ಇದಕ್ಕೆ ಸುವರ್ಣಮ್ಮ ಮೊದಲ ಸಲ ಮನಸಾರೆ ನಕ್ಕಳು. ದಕ್ಷಿಣ ಆಫ್ರಿಕಾದ ಪುಟದಲ್ಲಿ ಗಾಂಧಿ, ರೈಲು, ಕ್ರಿಕೆಟ್ ಮೂರನ್ನೂ ಹೊಡೆದುಹಾಕಿ ‘ಅಕ್ಕ’ ಎಂದು ಬರೆದುಕೊಂಡಿದ್ದಾನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ವಿಚಾರಣೆಗೆ ಬಂದ ಪೊಲೀಸಪ್ಪ, ಈ ವಯಸ್ಸಿನಲ್ಲಿ ಆಫ್ರಿಕಾಕ್ಕೆ ಯಾಕೆ ಎಂದು ಕೇಳಿದ. ಅಕ್ಕನನ್ನು ಪಂಚಮಿಗೆ ಕರೆತರಲು ಎಂದ ಹಾಲೇಶ. ಅಕ್ಕ ಅಲ್ಲಿಗೆ ಹೇಗೆ ಹೋದಳು ಎಂದು ಪೊಲೀಸಪ್ಪ ಮತ್ತೆ ಕೇಳಿದ. ಹಾಲೇಶ ಅವನಿಗೊಂದು ಕುರ್ಚಿ ಹಾಕಿ, ಚಹಾ ತರಲು ಒಳಗೆ ಹೇಳಿ, ಹಡಗಿನಿಂದ ಶುರು ಮಾಡಿದ.